ಬರಗಾಲದ ವಕಾಲತ್ತು



2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಆ ಪಟ್ಟಿಯಲ್ಲಿದ್ದವು. ಕೇಂದ್ರದ ಪರಿಹಾರಕ್ಕೆ ತಿಂಗಳುಗಟ್ಟಲೆ ಕಾದು ಸಾಕಾಗಿ, 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಮುಗಿಯುವುದರೊಳಗೆ 3,400 ಕೋಟಿ ರೂಪಾಯಿಗೂ ಹೆಚ್ಚು ಹಣ ಬಿಡುಗಡೆಯಾಯಿತು. ಕೇಳಿದ್ದು ಅದರ ಐದು ಪಟ್ಟು, ಆದರೂ ಬಂತು.

ಬೊಕ್ಕಸ, ಕಚೇರಿ, ಅಧಿಕಾರಿಗಳ ದಂಡು ಎಲ್ಲ ಇರುವ ಸರ್ಕಾರಕ್ಕೇ ಬರದ ದುಡ್ಡು ಕೇಳಲು ಒಬ್ಬ ವಕೀಲ ಬೇಕಾಯಿತು. ಹಾಗಿದ್ದ ಮೇಲೆ ಮೂರೆಕರೆ ಮಸಾರಿ ಹೊಲದಲ್ಲಿ ಮೆಕ್ಕೆಜೋಳ ಬಿತ್ತಿ, ಬೀಜ ಗೊಬ್ಬರಕ್ಕೆ ಮಾಡಿದ ಸಾಲಕ್ಕೆ ಖಾಲಿ ಚೆಕ್ಕಿನ ಮೇಲೆ ಸಹಿ ಹಾಕಿ ಕೊಟ್ಟವನಿಗೆ ವಕೀಲ ಬೇಡವೇ? ಬೇಕು. ಆ ವಕೀಲ ಎಲ್ಲಿದ್ದಾನೆ ಎಂಬುದೇ ನನ್ನ ಪ್ರಶ್ನೆ, ಮತ್ತು ಆ ಪ್ರಶ್ನೆ ವಕೀಲರಾದ ನಮ್ಮ ಕಡೆಗೇ ಬೆರಳು ಮಾಡುತ್ತದೆ.

ಮಳೆ ಬಂದ ವರ್ಷವೂ ನಮ್ಮ ಸೀಮೆಗೆ ಸುಖವಿಲ್ಲ. 2025ರಲ್ಲಿ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಇತ್ತು. ಕೊಯ್ಲು ಮುಗಿದು ರಾಶಿ ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಬೆಳೆ ಹೋದರೂ ಸಾಲ, ಬೆಳೆ ಬಂದರೂ ಸಾಲ. ರೈತನ ಕೈಯಲ್ಲಿ ಕಾಸಿಲ್ಲದಿದ್ದರೆ ಗೊಬ್ಬರದ ಅಂಗಡಿಯವನಿಗೆ ಬಾಕಿ, ಬಟ್ಟೆ ಅಂಗಡಿಯವನಿಗೆ ಬಾಕಿ, ಟ್ರ್ಯಾಕ್ಟರ್ ಕಂತು ಬಾಕಿ, ಸಂಘದ ವಾರದ ಕಂತು ಬಾಕಿ. ಎಲ್ಲ ಬಾಕಿಗಳೂ ಹರಿದು ಬಂದು ಕೊನೆಗೆ ಸೇರುವುದು ಕೋರ್ಟ್ ಹಾಲಿಗೆ. ಹಣ ವಸೂಲಿ ದಾವೆ, ಚೆಕ್ ಬೌನ್ಸ್, ಅಮಲ್ಜಾರಿ ಅರ್ಜಿ. ಊರಿಗೆ ಕಷ್ಟ ಬಂದಾಗ ನಮ್ಮ ಮೇಜಿನ ಮೇಲೆ ಕಡತಗಳು ಹೆಚ್ಚುತ್ತವೆ, ಫೀ ಕೊಡುವವರು ಮಾತ್ರ ಕಡಿಮೆಯಾಗುತ್ತಾರೆ.

ಆ ಕೋರ್ಟ್ ಹಾಲಿನಲ್ಲಿ ನಡೆಯುವುದು ನಮಗೆಲ್ಲ ಗೊತ್ತು. ಸಮನ್ಸ್ ಹೊರಡುವ ಹೊತ್ತಿಗೆ ಮನೆಯವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗಿರುತ್ತಾರೆ. ತಾಂಡಾದ ಮನೆಗೆ ಬೀಗ. ಬಾಗಿಲಿಗೆ ನೋಟಿಸು ಅಂಟುತ್ತದೆ. ಊರಲ್ಲಿದ್ದವರೂ, ಕೋರ್ಟಿಗೆ ಹೋದರೆ ಒಳಗೆ ಹಾಕುತ್ತಾರೆಂದು ಹೆದರಿ ಹೋಗುವುದಿಲ್ಲ. ಮೂರು ಸಲ ಹೆಸರು ಕೂಗುತ್ತಾರೆ. ಓ ಎನ್ನುವವರಿಲ್ಲ. ಏಕಪಕ್ಷೀಯ ಎಂದು ಬರೆದಾಗುತ್ತದೆ. ಫಿರ್ಯಾದಿಯ ಪ್ರಮಾಣಪತ್ರ, ಒಂದು ಬಾಂಡು, ಡಿಕ್ರಿ. ಅಸಲೆಷ್ಟು, ಬಡ್ಡಿಯೆಷ್ಟು, ಕೊಟ್ಟವನಿಗೆ ಲೇವಾದೇವಿ ಪರವಾನಗಿ ಇತ್ತೇ, ಕಟ್ಟಿದ ಕಂತುಗಳು ಲೆಕ್ಕಕ್ಕೆ ಬಂದವೇ ಎಂದು ಕೇಳಲು ಎದುರಿಗೆ ಯಾರೂ ಇಲ್ಲ. ಕೇಳುವವರಿದ್ದಿದ್ದರೆ ಆ ಡಿಕ್ರಿ ಅರ್ಧಕ್ಕಿಳಿಯುತ್ತಿತ್ತೋ, ವಜಾ ಆಗುತ್ತಿತ್ತೋ, ಅಥವಾ ಪೂರ್ತಿಯೇ ಉಳಿಯುತ್ತಿತ್ತೋ. ಹೇಗೆ ಆಗಿದ್ದರೂ ಅದು ಎರಡೂ ಕಡೆ ಕೇಳಿ ಕೊಟ್ಟ ತೀರ್ಪಾಗಿರುತ್ತಿತ್ತು.

ಹಾಗಾಗಿ ನನ್ನ ಕರೆ ಒಂದೇ: ಈ ಐದು ತಾಲ್ಲೂಕುಗಳ ಯಾವ ಬಡ ಸಾಲಗಾರನ ದಾವೆಯೂ ವಕೀಲನಿಲ್ಲದೆ ಏಕಪಕ್ಷೀಯವಾಗಿ ಮುಗಿಯಬಾರದು. ಅದಕ್ಕೆ ನಾವೇ ಹೊಣೆ ಹೊರೋಣ.

ಇದು ದಾನಧರ್ಮದ ಮಾತಲ್ಲ. ಕಾನೂನು ಬಡವನಿಗೆ ಕೊಟ್ಟದ್ದು ಕಡಿಮೆಯೇನಿಲ್ಲ, ತಲುಪಿದ್ದು ಕಡಿಮೆ. ನಮ್ಮ ನೆಲದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಈ ಸೀಮೆ 1953ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ನೆಲಕಚ್ಚಿ ರೈತರು ಸಾಲದಲ್ಲಿ ಮುಳುಗಿದರು. ಆಗ ಮದ್ರಾಸಿನ ಪ್ರಧಾನಿಯಾಗಿದ್ದವರು ಸೇಲಂನಲ್ಲಿ ವಕೀಲಿ ಮಾಡಿ ಬಂದ ಸಿ. ರಾಜಗೋಪಾಲಾಚಾರಿ. ಅವರ ಸರ್ಕಾರ 1938ರಲ್ಲಿ ಮದ್ರಾಸ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. 1932ರ ಅಕ್ಟೋಬರಿಗೆ ಮೊದಲಿನ ಸಾಲಕ್ಕೆ 1937ರ ಅಕ್ಟೋಬರ್ 1ರವರೆಗೆ ಬಾಕಿಯಿದ್ದ ಬಡ್ಡಿ ಪೂರ್ತಿ ರದ್ದು. ರೈತ ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದರೆ ಸಾಲವೇ ಚುಕ್ತಾ. ಆಗಿಹೋದ ಡಿಕ್ರಿಯನ್ನೂ ತಿದ್ದಿಸಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಸಾಲಗಾರ ಕೋರ್ಟಿಗೆ ಅರ್ಜಿ ಹಾಕಬೇಕಿತ್ತು. ಅರ್ಜಿ ಬರೆಯುವವರು ಸಿಕ್ಕ ರೈತ ಉಳಿದ, ಸಿಗದವನಿಗೆ ಕಾಯ್ದೆ ಬಂದದ್ದೇ ತಿಳಿಯಲಿಲ್ಲ.

ಅಂದಿನಿಂದ ಇಂದಿನವರೆಗೂ ಅದೇ ಕಥೆ. ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯ್ದೆ ಬಂತು. 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಯಾಯಿತು. ಸಣ್ಣ ರೈತ, ಭೂಹೀನ ಕೂಲಿ, ದುರ್ಬಲ ವರ್ಗದವರು ಖಾಸಗಿ ಲೇವಾದೇವಿದಾರರ ಸಾಲದಿಂದ ಬಿಡುಗಡೆ ಕೇಳಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಿತ್ತು, 90 ದಿನದೊಳಗೆ. ಗುಳೆ ಹೋದವನಿಗೆ 90 ದಿನ ಎಂದರೆ ಒಂದು ಹಂಗಾಮು. ಅವನು ವಾಪಸ್ ಬರುವುದರೊಳಗೆ ಅವಧಿ ಮುಗಿದಿರುತ್ತದೆ. 2025ರ ಫೆಬ್ರುವರಿಯಲ್ಲಿ ಕಿರು ಸಾಲದ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂದು, ಆಮೇಲೆ ಕಾಯ್ದೆಯಾಯಿತು. ನೋಂದಣಿಯಿಲ್ಲದ ಲೇವಾದೇವಿದಾರ ದುರ್ಬಲರಿಗೆ ಕೊಟ್ಟ ಸಾಲದ ವಸೂಲಿಗೆ ಸಿವಿಲ್ ಕೋರ್ಟು ದಾವೆಯನ್ನೇ ಸ್ವೀಕರಿಸುವಂತಿಲ್ಲ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಈ ಕಾಯ್ದೆ ತಾಗುವುದಿಲ್ಲ. ಅವುಗಳಿಗೆ ರಿಸರ್ವ್ ಬ್ಯಾಂಕಿನದೇ ನಿರ್ದೇಶನಗಳಿವೆ. ಅವುಗಳ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರ ಬೆನ್ನು ಹತ್ತುವಂತಿಲ್ಲ. ಯಾವ ಸಾಲ ಯಾವ ಕಾನೂನಿನ ಕೆಳಗೆ ಬರುತ್ತದೆ ಎಂದು ಬಾಗಿಲಲ್ಲಿ ನಿಂತ ವಸೂಲಿಯವನ ಎದುರು ಒಬ್ಬ ತಾಯಿ ಹೇಗೆ ಬಿಡಿಸಿ ಹೇಳಬೇಕು? ಅದು ಆಕೆಯ ಕೆಲಸವಲ್ಲ, ನಮ್ಮದು.

ಹೊಸ ಕಾಯ್ದೆಗಳನ್ನು ಬಿಡಿ, ನಾವು ದಿನಾ ಕೈಯಲ್ಲಿ ಹಿಡಿಯುವ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬಡವನಿಗೆ ಎಷ್ಟು ರಕ್ಷೆ ಇದೆ ನೋಡಿ. 60ನೇ ಕಲಂ ಪ್ರಕಾರ ರೈತನ ಉಳುಮೆ ಸಾಮಾನು, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ, ಕುಶಲಕರ್ಮಿಯ ಉಪಕರಣ, ಅಡುಗೆ ಪಾತ್ರೆ, ಹಾಸಿಗೆ, ಹೆಣ್ಣುಮಗಳು ಧರ್ಮದ ರೂಢಿಯಂತೆ ತೆಗೆಯಲಾಗದ ಆಭರಣ, ರೈತ ಮತ್ತು ಕೂಲಿಕಾರ ವಾಸವಿರುವ ಮನೆ, ಕೂಲಿಯ ಹಣ, ಇವು ಜಪ್ತಿಗೆ ಒಳಪಡುವುದಿಲ್ಲ. 56ನೇ ಕಲಂ ಪ್ರಕಾರ ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಗಂಡಸರ ವಿಷಯದಲ್ಲೂ 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸ್ಪಷ್ಟ ಮಾಡಿದ್ದಾರೆ: ಇದ್ದೂ ಕೊಡದ ಮೋಸಗಾರನನ್ನು ಜೈಲಿಗೆ ಕಳಿಸಬಹುದು, ಇಲ್ಲದ್ದಕ್ಕೆ ಕೊಡಲಾಗದ ಬಡವನನ್ನು ಕಳಿಸಲಾಗದು. 20ನೇ ಆದೇಶದ 11ನೇ ನಿಯಮದಡಿ ಹಣದ ಡಿಕ್ರಿಯನ್ನು ಕಂತುಗಳಲ್ಲಿ ಕಟ್ಟಲು ಕೋರ್ಟು ಅನುಮತಿಸಬಹುದು. ವ್ಯಾಪಾರದ ಸಾಲವಲ್ಲದಿದ್ದರೆ ಡಿಕ್ರಿಯ ನಂತರದ ಬಡ್ಡಿ ವರ್ಷಕ್ಕೆ ಶೇ 6ನ್ನು ಮೀರುವಂತಿಲ್ಲ. ಊರಿನಲ್ಲಿ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 60. ಆರಕ್ಕೂ ಅರವತ್ತಕ್ಕೂ ನಡುವೆ ನಿಂತಿರುವುದು ಒಬ್ಬ ವಕೀಲನ ಹಾಜರಿ.

ಚೆಕ್ ಪ್ರಕರಣಗಳಲ್ಲೂ ಸಹಿ ಒಪ್ಪಿಕೊಂಡ ಮಾತ್ರಕ್ಕೆ ಆರೋಪಿಯ ಕಥೆ ಮುಗಿಯುವುದಿಲ್ಲ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್, ಅಷ್ಟು ಹಣ ಕೊಡುವ ಶಕ್ತಿ ದೂರುದಾರನಿಗೆ ಇತ್ತೇ ಎಂದು ಆರೋಪಿ ಪ್ರಶ್ನಿಸಿದ್ದನ್ನು ಮಾನ್ಯ ಮಾಡಿ ಅವನನ್ನು ಬಿಡುಗಡೆ ಮಾಡಿತು. ಆ ಒಂದು ಪ್ರಶ್ನೆಯನ್ನು ಪಾಟೀ ಸವಾಲಿನಲ್ಲಿ ಕೇಳಲು ವಕೀಲನೇ ಬೇಕು.

ಬಡವನಿಗೆ ಫೀ ಕೊಡಲಾಗದಿದ್ದರೆ? ಅದಕ್ಕೂ ಕಾನೂನು ಉತ್ತರ ಇಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಎಲ್ಲ ಹೆಣ್ಣುಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಉಂಟು. ಅದೇ ಕಲಮಿನಲ್ಲಿ ಬರಗಾಲಕ್ಕೆ ತುತ್ತಾದವರನ್ನೂ ಹೆಸರಿಸಿದೆ. ಬರಪೀಡಿತ ಎಂದು ಸರ್ಕಾರವೇ ಘೋಷಿಸಿದ ತಾಲ್ಲೂಕಿನಲ್ಲಿ ಬೆಳೆ ಕಳೆದುಕೊಂಡ ರೈತ ಉಚಿತ ಕಾನೂನು ನೆರವಿಗೆ ಹಕ್ಕುದಾರ. ಈ ಮಾತನ್ನು ಎಷ್ಟು ಹಳ್ಳಿಗಳಲ್ಲಿ ನಾವು ಹೇಳಿದ್ದೇವೆ? ಮೈಲಾರದ ಜಾತ್ರೆಯಲ್ಲಿ, ಕೊಟ್ಟೂರಿನ ತೇರಿನಲ್ಲಿ, ವಾರದ ಸಂತೆಯಲ್ಲಿ ಒಂದು ಮೇಜು ಹಾಕಿ, 15100 ಎಂಬ ಸಹಾಯವಾಣಿಯ ಸಂಖ್ಯೆ ಬರೆದು ಕೂತರೆ ಎಷ್ಟು ಜನರಿಗೆ ತಿಳಿಯುತ್ತಿತ್ತು! ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳಿದ್ದಾರೆ. 1982ರ ಕಾಯ್ದೆ ಅವರ ಕೊರಳಿನ ಮುತ್ತು ಬಿಚ್ಚಿತು. ಹೆಗಲ ಮೇಲಿನ ಸಾಲ ಇಳಿಸಲಿಲ್ಲ. ಸಂಘದ ಕಂತಿಗೆ ಅವರೇ ಸಹಿ, ಅವರೇ ಜಾಮೀನು, ಅವರೇ ದುಡಿಮೆ. ಅಂಥವರ ಹೆಸರನ್ನು ಕೋರ್ಟಿನಲ್ಲಿ ಕೂಗಿದಾಗ ಓಗೊಡಲು ಯಾರೂ ಇಲ್ಲವೆಂದರೆ ನಮ್ಮ ಕೊರಳಿನ ಬಿಳಿ ಪಟ್ಟಿಗೆ ಅರ್ಥವೇನು?

ಇನ್ನು ನಮ್ಮ ಮನೆಯ ಕಸ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಜನ ಸುಮ್ಮನೆ ಕಟ್ಟಿಲ್ಲ. ಅಪಘಾತ ಪರಿಹಾರದಲ್ಲಿ ನೂರಕ್ಕೆ ಇಷ್ಟು ಎಂದು ಪಾಲು ಗೊತ್ತು ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದನ್ನು ನಿಷೇಧಿಸಿದೆ. 2017ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ವೃತ್ತಿಗೆ ತಕ್ಕುದಲ್ಲ ಎಂದು ಖಂಡಿಸಿದೆ. ಮಗನನ್ನು ಕಳಕೊಂಡ ಮನೆಯ ಪರಿಹಾರದಲ್ಲಿ ಪಾಲು ಕೇಳುವ ಕೈಗೆ ಬರಗಾಲ ನೆಪವಾಗಬಾರದು. ಫೀ ಬಾಕಿಯಿದೆ ಎಂದು ಕಕ್ಷಿದಾರನ ಕಡತವನ್ನು ಬೀರುವಿನಲ್ಲಿ ಬೀಗ ಹಾಕಿಡುವವರೂ ಇದ್ದಾರೆ. ಕಡತದ ಮೇಲೆ ವಕೀಲನಿಗೆ ಅಂಥ ಹಿಡಿತವಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಸಾಲಗಾರನ ಹೊಲದ ಕಾಗದ ಹಿಡಿದಿಟ್ಟುಕೊಳ್ಳುವ ಬಡ್ಡಿಯವನಿಗೂ ನಮಗೂ ಆಗ ಉಳಿಯುವ ವ್ಯತ್ಯಾಸವೇನು?

ವಾಯಿದೆಯ ಮಾತು ಬೇರೆಯೇ. 2025–26ರಲ್ಲಿ ಉದ್ಯೋಗ ಖಾತ್ರಿಯ ಒಂದು ದಿನದ ಕೂಲಿ 370 ರೂಪಾಯಿ ಇತ್ತು. ಗುಡೇಕೋಟೆ ಕಡೆಯಿಂದ ಕೂಡ್ಲಿಗಿಗೆ, ಉಚ್ಚಂಗಿದುರ್ಗದಿಂದ ಹರಪನಹಳ್ಳಿಗೆ ಬಂದ ಕೂಲಿಯವನು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತು, ಮುಂದಿನ ತಾರೀಕು ಬರೆದುಕೊಂಡು ಹೋಗುತ್ತಾನೆ. ಆ ಒಂದು ವಾಯಿದೆಗೆ ಆತ ತೆತ್ತದ್ದು ಒಂದು ದಿನದ ಅನ್ನ. ನಾವು ಕೇಳಿ ಪಡೆದ ವಾಯಿದೆಯ ಬೆಲೆಯನ್ನು ಆತ ಕಟ್ಟುತ್ತಾನೆ. ಆತ ಬರಬೇಕಾಗಿಲ್ಲದ ದಿನ ಬರಬೇಡ ಎಂದು ಹಿಂದಿನ ಸಂಜೆ ಒಂದು ಫೋನು ಮಾಡಲು ನಮಗೆ ಖರ್ಚೇನಿಲ್ಲ. ಕಲಾಪ ಬಹಿಷ್ಕಾರದ ಕರೆಗೆ ಕೈ ಎತ್ತುವ ಮುನ್ನವೂ ಇದೇ 370 ರೂಪಾಯಿ ನೆನಪಾಗಲಿ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮಗೆ ಸಿಟ್ಟು ತರಿಸಿರಬಹುದು, ಆದರೆ ಕಟ್ಟೆಯ ಮೇಲೆ ಕೂತವನಿಗೆ ಅದು ಸರಿ ಅನ್ನಿಸಿರುತ್ತದೆ.

ಸಾಲ ಕೊಟ್ಟವರೂ ನಮ್ಮ ಕಕ್ಷಿದಾರರೇ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂಬ ಗಾದೆಯೂ ನಮ್ಮ ಜನರದ್ದೇ. ನಿವೃತ್ತಿಯ ದುಡ್ಡನ್ನು ನೆಂಟನಿಗೆ ಕೊಟ್ಟು ಕೂತ ಶಿಕ್ಷಕ, ಗೊಬ್ಬರ ಉದ್ರಿ ಕೊಟ್ಟು ಕಂಪನಿಗೆ ತಾನೇ ಬಾಕಿ ಬಿದ್ದ ಅಂಗಡಿಯವ, ಇವರೂ ಕುಸಿತದ ಪೆಟ್ಟು ತಿಂದವರು. ಅವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮೊದಲ ಭೇಟಿಯಲ್ಲೇ ನಿಜ ಹೇಳುವುದು. ಎದುರಾಳಿಯ ಹತ್ತಿರ ಜಪ್ತಿ ಮಾಡುವಂಥದ್ದು ಏನೂ ಇಲ್ಲದಿದ್ದರೆ ಡಿಕ್ರಿ ಗೋಡೆಗೆ ತೂಗುಹಾಕುವ ಕಾಗದ ಅಷ್ಟೇ. ಅದರ ಬದಲು ಸುಗ್ಗಿಗೆ ಇಷ್ಟು, ಮುಂದಿನ ಸುಗ್ಗಿಗೆ ಇಷ್ಟು ಎಂದು ರಾಜಿಯಾದರೆ ಕೈಗೆ ದುಡ್ಡು ಬರುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ. ಈ ಸಲಹೆಯಿಂದ ನಮ್ಮ ಫೀ ಕಡಿಮೆಯಾಗಬಹುದು, ಕಕ್ಷಿದಾರ ಮಾತ್ರ ಉಳಿಯುತ್ತಾನೆ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಅಕ್ಟೋಬರ್ 2ಕ್ಕೆ ನಾವೂ ಅಲ್ಲಿ ಹೂವಿಟ್ಟು ಬರುತ್ತೇವೆ. ಆ ಮನುಷ್ಯ ನಮ್ಮ ಕಸುಬಿನವರೇ ಎಂಬುದನ್ನು ಮರೆತುಬಿಡುತ್ತೇವೆ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಅವರು ಹೋದದ್ದು ವ್ಯಾಪಾರದ ಹಣದ ಒಂದು ಮೊಕದ್ದಮೆಗೆ. ಕಕ್ಷಿದಾರ ದಾದಾ ಅಬ್ದುಲ್ಲಾ, ಎದುರಾಳಿ ಅವರ ನೆಂಟ ತೈಯಬ್ ಸೇಠ್, ಇಬ್ಬರೂ ವ್ಯಾಪಾರಿಗಳು. ಮೊಕದ್ದಮೆ ಹೀಗೇ ನಡೆದರೆ ವಕೀಲರ ಖರ್ಚಿನಲ್ಲೇ ಇಬ್ಬರೂ ಮುಳುಗುತ್ತಾರೆಂದು ಕಂಡ ಗಾಂಧಿ ಇಬ್ಬರನ್ನೂ ಪಂಚಾಯ್ತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು; 37,000 ಪೌಂಡ್ ಮತ್ತು ಖರ್ಚು ಕೊಡಬೇಕೆಂದು ತೀರ್ಮಾನವಾಯಿತು. ಅಲ್ಲಿಗೆ ಯಾವ ವಕೀಲನ ಕೆಲಸವೂ ಮುಗಿದಂತೆ. ಗಾಂಧಿಗೆ ಮುಗಿಯಲಿಲ್ಲ. ಅಷ್ಟನ್ನೂ ಒಟ್ಟಿಗೆ ಕೊಟ್ಟರೆ ತೈಯಬ್ ಸೇಠ್ ದಿವಾಳಿಯಾಗುತ್ತಿದ್ದರು, ದಿವಾಳಿಗಿಂತ ಸಾವು ಮೇಲು ಎನ್ನುವ ವ್ಯಾಪಾರಿ ಸಮುದಾಯ ಅದು. ಗಾಂಧಿ ತಮ್ಮದೇ ಕಕ್ಷಿದಾರನ ಹತ್ತಿರ ಹೋಗಿ, ಗೆದ್ದ ಹಣವನ್ನು ದೀರ್ಘ ಕಾಲದ ಕಂತುಗಳಲ್ಲಿ ತೆಗೆದುಕೊಳ್ಳುವಂತೆ ಮನವೊಲಿಸಿದರು. ಪಂಚಾಯ್ತಿಗೆ ಒಪ್ಪಿಸುವುದಕ್ಕಿಂತ ಇದೇ ಕಷ್ಟವಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಂದೆಯೂ ಹೀಗೆ ರಾಜಿ ಮಾಡಿಸುತ್ತಾ ಹೋದದ್ದರಿಂದ ತನಗೆ ಹಣದ ನಷ್ಟವೂ ಆಗಲಿಲ್ಲ ಎಂದೂ ಸೇರಿಸಿದ್ದಾರೆ. ನಮ್ಮ ಸಂಹಿತೆಯ 20ನೇ ಆದೇಶದಲ್ಲಿ ಕೂತಿರುವ ಕಂತಿನ ನಿಯಮವನ್ನು ಬಳಸುವ ಪ್ರತಿಯೊಬ್ಬ ವಕೀಲನೂ ಆ ಹಾದಿಯಲ್ಲೇ ನಡೆಯುತ್ತಾನೆ.

ನಮಗೂ ಹೊಟ್ಟೆ ಇದೆ ಎಂಬ ಮಾತು ಬಂದೇ ಬರುತ್ತದೆ, ಬರಬೇಕು ಕೂಡ. ಚೇಂಬರಿನ ಬಾಡಿಗೆ, ಗುಮಾಸ್ತನ ಸಂಬಳ, ಮಕ್ಕಳ ಶಾಲೆ, ಇವು ಬರಗಾಲ ಎಂದು ನಿಲ್ಲುವುದಿಲ್ಲ. ನಿಯಮವೂ ನಮ್ಮನ್ನು ಉಪವಾಸ ಕೂರಿಸುವುದಿಲ್ಲ: ಪೂರ್ತಿ ಫೀ ಕೊಡಲಾಗದವನಿಗೂ ವಕೀಲನ ನೆರವು ಸಲ್ಲಬೇಕು, ಅದು ವಕೀಲನ ಸ್ವಂತ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂದೇ ಪರಿಷತ್ತಿನ 46ನೇ ನಿಯಮ ಹೇಳುತ್ತದೆ. ಆ ಮಿತಿಯನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳೋಣ. ಒಟ್ಟು ಫೀ ಎಷ್ಟು, ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಕನ್ನಡದಲ್ಲಿ ಬರೆದು ಕೊಡೋಣ. ಸುಗ್ಗಿಯ ನಂತರ ಕೊಡುತ್ತೇನೆಂದರೆ ಒಪ್ಪೋಣ. ಕೊಟ್ಟದ್ದಕ್ಕೆ ರಸೀದಿ ಕೊಡೋಣ. ಲೆಕ್ಕ ಗೊತ್ತಿದ್ದ ಕಕ್ಷಿದಾರ ಬಾಕಿ ಉಳಿಸುವುದು ಕಡಿಮೆ. ಸಂತೆಯಲ್ಲಿ ಆತ ನಾಲ್ಕು ಜನರಿಗೆ ಹೇಳುವ ಮಾತು ಯಾವ ಬೋರ್ಡಿಗಿಂತಲೂ ದೊಡ್ಡದು.

ಕಿರಿಯರನ್ನು ಮರೆಯುವಂತಿಲ್ಲ. ಗ್ರಾಮೀಣ ಪ್ರದೇಶದ ಕಿರಿಯ ವಕೀಲರಿಗೆ ಹಿರಿಯರು ತಿಂಗಳಿಗೆ ಕನಿಷ್ಠ 15,000 ರೂಪಾಯಿ ಕೊಡಬೇಕೆಂದು 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸೂಚಿಸಿತು. ತಾಲ್ಲೂಕು ಮಟ್ಟದ ಎಷ್ಟೋ ಹಿರಿಯರಿಗೆ ಅದು ಕೈಗೆಟುಕದ ಮೊತ್ತ, ನಿಜ. ಆದರೆ ಕೈಲಾದಷ್ಟನ್ನು ತಪ್ಪದೆ ಕೊಡುವುದಕ್ಕೂ ಏನೂ ಕೊಡದಿರುವುದಕ್ಕೂ ನಡುವೆ ಬಹಳ ಅಂತರವಿದೆ. ಹಸಿದ ಕಿರಿಯನೇ ನಾಳೆ ದಲ್ಲಾಳಿಯ ಕೈಗೆ ಸಿಗುತ್ತಾನೆ, ಆಸ್ಪತ್ರೆಯ ಬಾಗಿಲಲ್ಲಿ ಅಪಘಾತದ ಕೇಸು ಹುಡುಕುತ್ತಾನೆ. ಕಾನೂನು ನೆರವಿನ ಪ್ಯಾನೆಲ್ಲಿನ ಕೆಲಸವನ್ನು ಬೇರೆ ಗತಿಯಿಲ್ಲದ ಕಿರಿಯರ ಪಾಲಿಗೆ ತಳ್ಳಿ ಹಿರಿಯರು ದೂರ ನಿಲ್ಲುವುದೂ ತಪ್ಪು. ಬಡವನ ಕೇಸಿಗೆ ಅನುಭವಿ ವಕೀಲ ನಿಂತರೆ ಪಕ್ಕದಲ್ಲಿ ನಿಂತ ಕಿರಿಯನೂ ಕಸುಬು ಕಲಿಯುತ್ತಾನೆ.

ಈಗ ಮಾಡಬೇಕಾದ್ದು. ನಾಲ್ಕು ಕೆಲಸ, ನಾಲ್ಕೂ ನಮ್ಮ ಕೈಯಲ್ಲೇ ಇರುವಂಥವು. ಪ್ರತಿ ವಕೀಲರ ಸಂಘವೂ ಪಾಳಿಯ ಪಟ್ಟಿ ಮಾಡಲಿ: ಹಣ ವಸೂಲಿ ದಾವೆಯಲ್ಲಿ ಪ್ರತಿವಾದಿಯ ಹೆಸರು ಕೂಗಿ ಯಾರೂ ಬಾರದಿದ್ದಾಗ, ಆ ದಿನದ ಪಾಳಿಯ ವಕೀಲ ಆ ಹೆಸರು, ಊರು ಬರೆದುಕೊಂಡು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅದೇ ಸಂಜೆ ತಿಳಿಸಲಿ, ಸಮಿತಿಯ ಸ್ವಯಂಸೇವಕರು ಮನೆ ಹುಡುಕಿ ಹೋಗಲಿ. ಈಗಾಗಲೇ ಏಕಪಕ್ಷೀಯ ಡಿಕ್ರಿಯಾದವರಿಗೆ ಅದನ್ನು ರದ್ದುಪಡಿಸಲು ಅರ್ಜಿ ಹಾಕುವ ಅವಧಿ 30 ದಿನ ಎಂಬುದನ್ನು, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ತಿಳಿದ ದಿನದಿಂದ ಆ ಲೆಕ್ಕ ಎಂಬುದನ್ನು ಪಂಚಾಯ್ತಿ ಪಂಚಾಯ್ತಿಗೂ ಮುಟ್ಟಿಸೋಣ. ಜಪ್ತಿಗೆ ಬಾರದ ವಸ್ತುಗಳ ಪಟ್ಟಿಯನ್ನು ತಿಳಿಗನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಗ್ರಾಮ ಪಂಚಾಯ್ತಿ, ಹಾಲಿನ ಡೇರಿ, ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸೋಣ. ವರ್ಷಕ್ಕೆ ಇಂತಿಷ್ಟು ಬಡವರ ಕೇಸು ಫೀ ಇಲ್ಲದೆ ನಡೆಸುತ್ತೇನೆಂದು ಪ್ರತಿ ಹಿರಿಯ ವಕೀಲನೂ ಸಂಘದ ಪುಸ್ತಕದಲ್ಲಿ ಹೆಸರು ಬರೆಸಲಿ, ವರ್ಷದ ಕೊನೆಗೆ ಆ ಪುಸ್ತಕವನ್ನು ಎಲ್ಲರೆದುರು ಓದಲಿ.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರದಲ್ಲಿದೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಜಿಲ್ಲೆ ಬದಲಾಯಿತು, ಗಡಿ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು. ಸಾಲಗಾರನ ಹೆಸರು ಕೂಗಿದಾಗ ಉತ್ತರ ಬಾರದ ಪಾಡು ಮಾತ್ರ ಬದಲಾಗಲಿಲ್ಲ. ಅದನ್ನು ಬದಲಿಸಲು ವಿಧಾನಸೌಧದಿಂದ ಆದೇಶ ಬರಬೇಕಾಗಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ನಿರ್ಣಯ ಮಂಡಿಸಿ. ಸಭೆ ಒಪ್ಪಿದರೆ ಅಂದಿನಿಂದಲೇ ಪಾಳಿ ಶುರು ಮಾಡಿ. ಸಭೆ ಒಪ್ಪದಿದ್ದರೆ ನಿಮ್ಮ ಹೆಸರಿನಿಂದಲೇ ಮೊದಲ ಪಾಳಿ ಹಿಡಿಯಿರಿ. ಎರಡನೇ ಹೆಸರು ಬರೆಸಲು ಯಾರಾದರೂ ಬಂದೇ ಬರುತ್ತಾರೆ.